ಬೀಟ್ ಹಾಕಿದರೆ ಹಾಡು ಕೆಡುತ್ತಾ?

‘ಯಾವ ಹಾಡಾದರೂ ಕೊಡಿ, ಕುಣಿಸ್ತೀನಿ’ ಅಂತ ನಮ್ಮ ಡಿಜೆ ಗೆಳೆಯ ಕೋಲಾರದ ಕ್ಲಾಕ್ ಟವರ್ ಹತ್ತಿರ ಟೀ ಹೀರುತ್ತಾ ಎದೆ ತಟ್ಟಿಕೊಂಡ.

‘ಸಾಯೋ ಹಾಡಿಗೂ ಕುಣಿಸ್ತೀಯೇನೋ?’ ಅಂದರು ಮೇಷ್ಟ್ರು.

‘ಮೊನ್ನೆ ರಿಸೆಪ್ಷನ್‌ನಲ್ಲಿ ಅದನ್ನೇ ಅಲ್ವಾ ಹಾಕಿದ್ದು!’ ಅಂದ ಟೊಮೇಟೊ ಮಂಡಿಯವನು.

ಅವನು ಹೇಳಿದ್ದು ‘ಬೆಲ್ಲಾ ಚಾವ್’ ವಿಷಯ. ಇಟಲಿಯಲ್ಲಿ ಫ್ಯಾಸಿಸ್ಟರ ವಿರುದ್ಧ ಬಂದೂಕು ಹಿಡಿದವರ ಹಾಡು ಅಂತಲೇ ಅದಕ್ಕೆ ಹೆಸರು. 2017ರಲ್ಲಿ ಸ್ಪೇನಿನ ‘ಮನಿ ಹೈಸ್ಟ್’ ಧಾರಾವಾಹಿಯಲ್ಲಿ ಬಂತು, ಮರುವರ್ಷ ಫ್ರಾನ್ಸಿನ ಡಿಜೆ ಹ್ಯೂಗೆಲ್ ರಿಮಿಕ್ಸ್ ಮಾಡಿದ, ಅಲ್ಲಿಂದ ಸುತ್ತಿ ಸುತ್ತಿ ನಮ್ಮ ಛತ್ರಕ್ಕೂ ಬಂತು. ಹಾಡಿನವನು ಕೇಳೋದಿಷ್ಟೇ: ನಾನು ಸತ್ತರೆ ಬೆಟ್ಟದ ಮೇಲೆ ಹೂವಿನ ನೆರಳಲ್ಲಿ ಹೂಳಿ. ಸ್ಟೇಜ್ ಮೇಲೆ ಮದುಮಕ್ಕಳು ಗಿಫ್ಟ್ ಇಸ್ಕೊಳ್ತಿದ್ದರು, ಕೆಳಗೆ ಹುಡುಗಿಯ ಸೋದರಮಾವ ಪಂಚೆ ಎತ್ತಿ ಕಟ್ಟಿ ಕುಣೀತಿದ್ದರು.

‘ಹೋರಾಟದ ಹಾಡಿಗೆ ಕುಣಿಯೋದೇ ತಪ್ಪು’ ಅಂತ ಮೇಷ್ಟ್ರು ತೀರ್ಪು ಕೊಟ್ಟುಬಿಟ್ಟರು.

ನಾನು ಒಪ್ಪಲಿಲ್ಲ. ಮಂಡೇಲಾ ಜೈಲಲ್ಲಿದ್ದಾಗ, 1984ರಲ್ಲಿ, ಅವರ ಬಿಡುಗಡೆಗೆ ಅಂತ ಇಂಗ್ಲೆಂಡಿನ ಸಂಗೀತಗಾರ ಜೆರ್ರಿ ಡ್ಯಾಮರ್ಸ್ ಒಂದು ಹಾಡು ಬರೆದ. ಕೇಳಿದರೆ ಕಾಲು ಸುಮ್ನೆ ನಿಲ್ಲಲ್ಲ. ಆದರೆ ಕುಣಿಯೋರ ಬಾಯಲ್ಲೂ ಮಂಡೇಲಾ ಹೆಸರೇ, ಅದನ್ನು ತಪ್ಪಿಸ್ಕೊಂಡು ಕುಣಿಯೋಕೇ ಆಗಲ್ಲ. ನಮ್ಮ ಡಿಜೆಗಳು ಮಾಡೋದೇನು? ಚರಣ ಎಲ್ಲಾ ಕತ್ತರಿಸಿ ಪಲ್ಲವಿ ಮಾತ್ರ ಇಟ್ಕೊಳ್ತಾರೆ. ಯಾರ ಮೇಲೆ ಸಿಟ್ಟು ಅನ್ನೋದೇ ಹೋಯ್ತಲ್ಲ, ಉಳಿದಿದ್ದು ಬರೀ ಧಡ್ ಧಡ್.

‘ಸರಿ ಬಿಡಿ, ನಮ್ಮ ಹಾಡಿಗೇ ಹಾಕ್ತೀನಿ’ ಅಂದ ಡಿಜೆ. ‘ಕವಿ ಸಿದ್ದಲಿಂಗಯ್ಯನವರ “ಯಾರಿಗೆ ಬಂತು ಎಲ್ಲಿಗೆ ಬಂತು” ಹಾಡು, ಹೆಂಗೆ?’

ಮಂಡಿಯವನು ನಕ್ಕೇಬಿಟ್ಟ. ಆ ಹಾಡು ಹಾಡುತ್ತಿದ್ದ ದಲಿತ ಸಂಘರ್ಷ ಸಮಿತಿಯ ಮೆರವಣಿಗೆ ನೋಡಿ ಬೆಳೆದವನು ಅವನು. ‘ಲೋ, ತಮಟೆಯವರು ರಸ್ತೆ ಬದಿ ಹುಲ್ಲಿಗೆ ಬೆಂಕಿ ಹಾಕಿ, ಚರ್ಮ ಕಾಯಿಸಿ, ಬೆರಳಲ್ಲಿ ಟಣ್ ಅನ್ನಿಸಿ ನೋಡಿ ಆಮೇಲೆ ಬಾರಿಸೋರು. ಅದಕ್ಕಿಂತ ಬೀಟ್ ಬೇಕೇನೋ? ಚಿಕ್ಕಬಳ್ಳಾಪುರದ ಕಡೆಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಿದ್ದು ತಮಟೆಗೇ, ನಿನ್ನ ಲ್ಯಾಪ್‌ಟಾಪಿಗಲ್ಲ.’

ಡಿಜೆ ಮುಖ ಸಣ್ಣಗಾಯ್ತು. ‘ಹಂಗಾದ್ರೆ ನನಗೇನು ಕೆಲಸ?’

‘ಮೈಕ್ ಹಿಡ್ಕೊಂಡು ನಿಂತ್ಕೋ’ ಅಂದರು ಮೇಷ್ಟ್ರು. ‘ಚರಣ ಎಲ್ಲರಿಗೂ ಕೇಳಬೇಕು.’