ಟಿಪ್ಪು ಸೀರಿಯಲ್: ಪುಟ್ಟನಿಗೂ ಚಿಕ್ಕಪ್ಪನಿಗೂ ಸೇರಿಸಿ ಒಂದೇ ವಾಯ್ಸ್

ಲೋ ಪುಟ್ಟ, ಟೈಪ್ ಮಾಡೋಕೆ ಕೂತ್ರೆ ಒಲೆ ಮೇಲಿರೋದು ಸೀದು ಹೋಗುತ್ತೆ, ಅದಕ್ಕೇ ವಾಯ್ಸ್ ಹಾಕ್ತಿದೀನಿ. ಉದ್ದ ಆಗುತ್ತೆ, ಬೇಕಾದ್ರೆ ಸ್ಪೀಡ್ ಜಾಸ್ತಿ ಇಟ್ಕೊಂಡು ಕೇಳು. ಬೆಳಿಗ್ಗೆ ನೀನು ಆ ಹಳೇ ಟಿಪ್ಪು ಸುಲ್ತಾನ್ ಸೀರಿಯಲ್ ತುಣುಕು ಹಾಕಿ, "ಇದೊಂದು ನೋಡಿದ್ರೆ ಸಾಕು, ಹಿಸ್ಟರಿ ಬುಕ್ ಯಾಕೆ ಬೇಕು" ಅಂದೆ. ಚಿಕ್ಕಪ್ಪ ತಕ್ಷಣ "ಎಲ್ಲಾ ಬರೀ ಸುಳ್ಳು, ನೋಡೋದೇ ದಂಡ" ಅಂದ್ರು. ಅಲ್ಲಿಂದ ಮಧ್ಯಾಹ್ನದವರೆಗೂ ಗ್ರೂಪಲ್ಲಿ ಬೇರೆ ಮಾತೇ ಇಲ್ಲ. ನನಗೆ ಇಬ್ಬರ ಮಾತೂ ಒಪ್ಪಿಗೆ ಆಗಲಿಲ್ಲ.

ಮೊದಲು ಚಿಕ್ಕಪ್ಪನಿಗೆ. ಚಿಕ್ಕಪ್ಪ, ಅದು ನಿಜ ಅಂತ ಆ ಸೀರಿಯಲ್ಲೇ ಹೇಳ್ಕೊಂಡಿರಲಿಲ್ಲವಲ್ಲ. 1990ರಲ್ಲಿ ದೂರದರ್ಶನದಲ್ಲಿ ಬರೋ ಮುಂಚೆಯೇ ಗಲಾಟೆ ಆಗಿ, ಇದು ಭಗವಾನ್ ಗಿದ್ವಾನಿ ಅವರ ಕಾದಂಬರಿ ಮೇಲೆ ಮಾಡಿದ ಕಲ್ಪನೆ ಅಂತ ಒಕ್ಕಣೆ ಹಾಕೇ ತೋರಿಸಿದ್ದು. ಆದ್ರೆ ಅದನ್ನ ಯಾರು ಓದ್ತಾರೆ ಹೇಳಿ? ನೌಷಾದ್ ಸಂಗೀತ ಶುರುವಾದ್ರೆ ಮನೆಯವರೆಲ್ಲ ಬಂದು ಕೂತ್ಕೋತಿದ್ರು. ಪರದೆ ಮೇಲೆ ಅಕ್ಷರ ಬಂದು ಹೋಗುತ್ತೆ, ಮುಖ ಮನಸ್ಸಲ್ಲಿ ಕೂರುತ್ತೆ. ಇವತ್ತಿಗೂ ನಮ್ಮ ವಯಸ್ಸಿನವರಿಗೆ ಟಿಪ್ಪು ಅಂದ್ರೆ ಕಣ್ಣ ಮುಂದೆ ಬರೋದು ಆ ಪಾತ್ರ ಮಾಡಿದ ಸಂಜಯ್ ಖಾನ್. ಎತ್ತರದ ಆಳು, ಸಿನಿಮಾ ಹೀರೋ ಮುಖ. ಶ್ರೀರಂಗಪಟ್ಟಣದ ಕೋಟೆ ಬಿದ್ದಾಗ ಟಿಪ್ಪುವಿನ ದೇಹ ನೋಡಿದ ಇಂಗ್ಲಿಷ್ ಅಧಿಕಾರಿ ಬರೆದಿಟ್ಟಿರೋದು ಬೇರೇನೇ: ಕುಳ್ಳಗಿನ ದಪ್ಪ ಕತ್ತು, ಸ್ವಲ್ಪ ಸ್ಥೂಲ ಮೈ, ಪುಟ್ಟ ಕೈಕಾಲು, ದೊಡ್ಡ ಕಣ್ಣು. ಹಾಗಿರೋರನ್ನ ಹುಡುಕಿ ಯಾವ ನಿರ್ದೇಶಕ ಹೀರೋ ಮಾಡ್ತಾನೆ?

ಹಾಗಂತ ಇಂಥ ತಪ್ಪಿಗೆಲ್ಲ ನನಗೆ ಕೋಪ ಇಲ್ಲ. ಕಿರೀಟ ತಪ್ಪು, ಪೇಟ ತಪ್ಪು, ಆ ಕಾಲಕ್ಕೆ ಆ ಬಟ್ಟೆ ಇರಲಿಲ್ಲ ಅಂತ ಲೆಕ್ಕ ಹಾಕ್ತಾ ಕೂತ್ರೆ ಯಾವ ನಾಟಕವೂ ನೋಡೋಕಾಗಲ್ಲ. ನಮ್ಮ ಕಂಪನಿ ನಾಟಕದಲ್ಲಿ ದರ್ಬಾರ್ ಪರದೆ ಒಂದೇ, ಇವತ್ತು ಕಂಸನಿಗೆ, ನಾಳೆ ಅಕ್ಬರನಿಗೆ. ಯಾರೂ ಟಿಕೆಟ್ ದುಡ್ಡು ವಾಪಸ್ ಕೇಳಲಿಲ್ಲ. ಆ ಸೀರಿಯಲ್ ನಮ್ಮನ್ನ ಹಿಡಿದು ಕೂರಿಸಿದ್ದೂ ಆ ನಾಟಕದ ಗುಣದಿಂದಲೇ. ಇಬ್ಬರು ಎದುರುಬದುರು ನಿಂತು ಪೂರ್ತಿ ಮಾತಾಡೋರು. ಒಬ್ಬರ ಮಾತು ಮುಗಿಯೋವರೆಗೂ ಇನ್ನೊಬ್ಬರು ಕಾಯೋರು. ನಮ್ಮಜ್ಜಿಗೆ ಹಿಂದಿ ಒಂದಕ್ಷರ ಬರ್ತಿರಲಿಲ್ಲ, ಆ ಉರ್ದು ಅಂತೂ ನಮಗೇ ಅರ್ಧ ಗೊತ್ತಾಗ್ತಿರಲಿಲ್ಲ. ಆದ್ರೂ ದನಿ ಏರಿಳಿತ ಕೇಳಿನೇ "ಇವನು ಒಳಗೊಂದು ಹೊರಗೊಂದು ಕಣೇ" ಅಂತ ಅಜ್ಜಿ ಹೇಳ್ಬಿಡೋರು. ಇನ್ನೊಂದು ವಿಷಯ, ಆಗ ದೆಹಲಿ ಟೀವಿಯಲ್ಲಿ ಚರಿತ್ರೆ ಅಂದ್ರೆ ಹೆಚ್ಚಾಗಿ ವಿಂಧ್ಯದ ಆಚೆಗೆ. ನಮ್ಮ ಶ್ರೀರಂಗಪಟ್ಟಣದ ಹೆಸರು ವಾರವಾರ ದೇಶಕ್ಕೆಲ್ಲ ಕೇಳಿಸುತ್ತೆ ಅನ್ನೋದೇ ಒಂದು ಖುಷಿ. ಆ ಖುಷಿ ಸುಳ್ಳಲ್ಲ ಚಿಕ್ಕಪ್ಪ.

ಮೈಸೂರಿನವರಿಗೆ ಮಾತ್ರ ಆ ಹೆಸರು ಕೇಳಿದ್ರೆ ಖುಷಿಗಿಂತ ಮುಂಚೆ ಬೇರೆ ನೆನಪಾಗುತ್ತೆ. 1989ರ ಫೆಬ್ರವರಿ 8. ಪ್ರೀಮಿಯರ್ ಸ್ಟುಡಿಯೋದಲ್ಲಿ ಇದೇ ಸೀರಿಯಲ್ ಶೂಟಿಂಗ್ ನಡೀತಿದ್ದಾಗ ಬೆಂಕಿ ಬಿದ್ದು 62 ಜನ ಹೋದ್ರು. ಸಂಜಯ್ ಖಾನ್ ಮೈಯೆಲ್ಲ ಸುಟ್ಟು, ಎಷ್ಟೋ ತಿಂಗಳು ಆಸ್ಪತ್ರೆಯಲ್ಲಿದ್ದು ಎದ್ದು ಬಂದು ಸೀರಿಯಲ್ ಮುಗಿಸಿದ್ರು, ಅದು ಎಲ್ಲರಿಗೂ ಗೊತ್ತು. ಸತ್ತವರ ಹೆಸರು ಯಾರಿಗೆ ನೆನಪಿದೆ? ಸೆಟ್ಟಿನ ಕೆಲಸದವರು, ಗುಂಪಿನಲ್ಲಿ ನಿಲ್ಲೋ ಪಾತ್ರಕ್ಕೆ ಬಂದವರು. ವೈಭವ, ವೈಭವ ಅಂತ ನಾವು ಬಾಯಿ ಬಿಟ್ಕೊಂಡು ನೋಡೋದನ್ನ ಕೂಲಿಗೆ ಕಟ್ಟಿದವರು ಇದಾರೆ ಪುಟ್ಟ, ಅದೂ ಗೊತ್ತಿರಲಿ ನಿನಗೆ.

ಈಗ ನಿನ್ನ ಮಾತಿಗೆ ಬರ್ತೀನಿ. ಬುಕ್ ಬೇಡ ಅಂದ್ಯಲ್ಲ. ನೀನು ಹಾಕಿದ್ದು ಯಾವ ತುಣುಕು? ಟಿಪ್ಪುವಿನ ಮಂತ್ರಿ ಮೀರ್ ಸಾದಿಕ್ ಮಾಡಿದ ದ್ರೋಹ. ನೀನು ಮಾತ್ರ ಅಲ್ಲ, ಎಲ್ಲರೂ ಅದನ್ನೇ ಕಳಿಸೋದು. ಇಂಥ ಸೀರಿಯಲ್‌ಗಳ ದೊಡ್ಡ ಕಾಯಿಲೆ ಅದೇ ಕಣೋ. ಒಬ್ಬ ವೀರ ಬೇಕು, ಅವನು ಸೋಲಬಾರದು, ಆದ್ರೆ ಚರಿತ್ರೆಯಲ್ಲಿ ಸೋತಿದಾನೆ. ಏನ್ ಮಾಡೋದು? ಒಬ್ಬ ದ್ರೋಹಿ ತಂದು ನಿಲ್ಲಿಸಿದ್ರೆ ಎಲ್ಲ ಸರಿಹೋಗುತ್ತೆ. ಮೀರ್ ಸಾದಿಕ್ ಒಳ್ಳೆಯವನು ಅಂತ ನಾನು ಹೇಳ್ತಿಲ್ಲ. ಸಂಬಳದ ನೆಪ ಹೇಳಿ ಕಾವಲಿನವರನ್ನ ಈಚೆ ಕರೆಸಿದ ಅನ್ನೋ ಮಾತು ಇದ್ದೇ ಇದೆ. ಆದ್ರೆ ಶ್ರೀರಂಗಪಟ್ಟಣ ಬಿದ್ದಿದ್ದು ಅವನೊಬ್ಬನಿಂದಲಾ?

1792ಕ್ಕೆ ಹೋಗು. ಆಗಲೇ ಇಂಗ್ಲಿಷರು, ಮರಾಠರು, ನಿಜಾಮ ಮೂವರೂ ಸೇರ್ಕೊಂಡು ಟಿಪ್ಪುವಿನ ಅರ್ಧ ರಾಜ್ಯ ಕಿತ್ಕೊಂಡಿದ್ರು. ಮೇಲೆ 3 ಕೋಟಿ 30 ಲಕ್ಷ ರೂಪಾಯಿ ದಂಡ. ಅದು ಕಟ್ಟೋವರೆಗೂ ಅವನ ಇಬ್ಬರು ಚಿಕ್ಕ ಗಂಡುಮಕ್ಕಳು ಇಂಗ್ಲಿಷರ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಹತ್ರ ಒತ್ತೆ. ಮಕ್ಕಳನ್ನ ಒಪ್ಪಿಸೋದನ್ನ ಸೀರಿಯಲ್‌ನವರು ಚೆನ್ನಾಗಿ ಅಳಿಸೋ ಹಾಗೆ ತೋರಿಸ್ತಾರೆ, ಮೂರು ಕೋಟಿ ಎಲ್ಲಿಂದ ಬಂತು ಅಂತ ತೋರಿಸಲ್ಲ. ರೈತನ ಮನೆಯಿಂದ ತಾನೇ ಬರಬೇಕು? ಆಮೇಲೆ 1799. ಮುತ್ತಿಗೆ ಹಾಕಿದ ಇಂಗ್ಲಿಷ್ ಸೈನ್ಯದಲ್ಲೇ ಅಕ್ಕಿ ಮುಗೀತಾ ಬಂದಿತ್ತು. ತನ್ನ ಡೇರೆ ಮುಂದೆ ಕಾವಲು ನಿಂತಿರೋ ಬಿಳಿಯ ಸಿಪಾಯಿಗೆ ಊಟ ಇಲ್ಲದೆ ಎಷ್ಟು ನಿತ್ರಾಣ ಅಂದ್ರೆ, ನಮ್ಮ ಸಿಪಾಯಿ ಒಬ್ಬ ತಳ್ಳಿದ್ರೂ ಬೀಳ್ತಾನೆ ಅಂತ ಅವರ ಜನರಲ್ ಹ್ಯಾರಿಸ್ಸೇ ಹೇಳಿದ್ದುಂಟು. ಇನ್ನು ಸ್ವಲ್ಪ ದಿನ ತಡೆದಿದ್ರೆ, ಮಳೆ ಹಿಡಿದು ಕಾವೇರಿ ತುಂಬಿದ್ರೆ, ವಾಪಸ್ ಹೋಗಬೇಕಿತ್ತು. ಅದಕ್ಕೇ ಮೇ 4ನೇ ತಾರೀಕು, ನೆತ್ತಿ ಸುಡೋ ಮಧ್ಯಾಹ್ನದಲ್ಲಿ, ಹೊಳೆಯಲ್ಲಿ ನೀರು ಕಮ್ಮಿ ಇದ್ದಾಗ, ಒಡೆದ ಗೋಡೆ ಕಡೆಯಿಂದ ನುಗ್ಗಿದ್ದು. ಹೊಳೆ, ಅಕ್ಕಿ, ದುಡ್ಡು, ಎತ್ತು. ಎರಡೂ ಕಡೆ ದಿನ ಎಣಿಸ್ತಾ ಕೂತಿದಾರೆ. ಇದಕ್ಕಿಂತ ಎದೆ ಹಿಡಿಯೋ ಕಥೆ ಬೇಕಾ? ಅದನ್ನ ಬಿಟ್ಟು ಕಣ್ಣು ಸಣ್ಣ ಮಾಡಿ ಮೀಸೆ ತಿರುವೋ ಒಬ್ಬನನ್ನ ತೋರಿಸಿದ್ರೆ, ನೋಡೋರಿಗೆ ಉಳಿಯೋದು ಒಂದೇ, ಯಾರನ್ನ ಬೈಬೇಕು ಅನ್ನೋದು.

ದಿವಾನ್ ಪೂರ್ಣಯ್ಯ ಬಗ್ಗೆ ಹೇಳ್ಲೇಬೇಕು, ಸ್ವಲ್ಪ ಇರು, ಕುಕ್ಕರ್ ಆಫ್ ಮಾಡಿ ಬಂದೆ.

ಹಾಂ, ಪೂರ್ಣಯ್ಯ. ಸೀರಿಯಲ್‌ನಲ್ಲಿ ಅವನಿಲ್ಲ ಅಂತಲ್ಲ, ಇದಾನೆ. ಆದ್ರೆ ಅವನು ವೀರನೂ ಅಲ್ಲ, ದ್ರೋಹಿಯೂ ಅಲ್ಲ, ಹಾಗಾಗಿ ಅವನನ್ನ ಏನ್ ಮಾಡಬೇಕು ಅಂತ ಇಂಥ ಕಥೆಗಳಿಗೆ ಗೊತ್ತಾಗಲ್ಲ. 1782ರಲ್ಲಿ ಹೈದರಾಲಿ ಚಿತ್ತೂರಿನ ಹತ್ರ ದಂಡಿನಲ್ಲೇ ತೀರ್ಕೊಂಡಾಗ ಟಿಪ್ಪು ಮಲಬಾರ್ ಕಡೆ ಇದ್ದ. ಸುದ್ದಿ ಹೊರಗೆ ಬಿದ್ರೆ ಸೈನ್ಯವೇ ಚೆದುರಿ ಹೋಗುತ್ತೆ. ಪೂರ್ಣಯ್ಯ, ಕೃಷ್ಣರಾವ್ ಇಬ್ಬರೂ ಸಾವನ್ನ ಮುಚ್ಚಿಟ್ಟು, ಹೆಣವನ್ನ ಪೆಟ್ಟಿಗೆಯಲ್ಲಿ ಹಾಕಿ, ಖಜಾನೆ ಪೆಟ್ಟಿಗೆ ಅಂತ ಸಾಗಿಸಿದ್ರು. ಟಿಪ್ಪು ಬರೋವರೆಗೂ ದಂಡು ಅಲುಗಾಡಲಿಲ್ಲ. ಅದೇ ಪೂರ್ಣಯ್ಯ, 1799ರಲ್ಲಿ ಟಿಪ್ಪು ಸತ್ತ ಮೇಲೆ ಅವನನ್ನ ಸೋಲಿಸಿದ ಇಂಗ್ಲಿಷರ ಜೊತೆ ಮಾತಾಡಿ, ಐದು ವರ್ಷದ ಹುಡುಗ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ದಿವಾನನಾದ. 1811ರವರೆಗೂ ರಾಜ್ಯ ನಡೆಸಿದ. ಶ್ರೀರಂಗಪಟ್ಟಣದ ಹಳೇ ಕಲ್ಲುಕಂಬದ ಸೇತುವೆ, ವೆಲ್ಲೆಸ್ಲಿ ಸೇತುವೆ ಅಂತಾರಲ್ಲ, ಅದು ಅವನು ಕಟ್ಟಿಸಿದ್ದು. ಹೆಸರು ಮಾತ್ರ ಇಂಗ್ಲಿಷರದು. ಇವನು ನಿಷ್ಠೆಯವನಾ, ಅವಕಾಶವಾದಿಯಾ, ಅಥವಾ ರಾಜರು ಬರ್ತಾರೆ ಹೋಗ್ತಾರೆ, ಕಂದಾಯದ ಲೆಕ್ಕ ನಿಲ್ಲಬಾರದು ಅಂದ್ಕೊಂಡವನಾ? ಚಿಕ್ಕಪ್ಪ, ನೀವು ಜೀವನಪೂರ್ತಿ ಸರ್ಕಾರಿ ಕಚೇರಿಯಲ್ಲಿ ಇದ್ದವರು, ನಿಮಗೆ ಅವನು ಚೆನ್ನಾಗಿ ಅರ್ಥ ಆಗ್ತಾನೆ ಅನ್ಸುತ್ತೆ. ಟಿಪ್ಪು ಬಿದ್ದ ತಕ್ಷಣ ಸೀರಿಯಲ್ ಮುಗಿದು ಹೋಗುತ್ತೆ. ಪೂರ್ಣಯ್ಯನ ಕಥೆಯ ಕಷ್ಟದ ಭಾಗ ಅಲ್ಲಿಂದಲೇ ಶುರು.

ಅತ್ತಿಗೆ, ನೀವು ಈ ಗಲಾಟೆಯಲ್ಲಿ ಒಂದು ಮಾತೂ ಆಡಲಿಲ್ಲ. ಯಾಕೆ ಅಂತ ಗೊತ್ತು. ನಿಮ್ಮ ತವರು ಮಡಿಕೇರಿ ಕಡೆ, ನಿಮ್ಮನೆಯಲ್ಲಿ ಹಿರಿಯರು ಹೇಳೋ ಟಿಪ್ಪುನೇ ಬೇರೆ. ಕೊಡವರನ್ನ ಹಿಡಿದು ಸಾಗಿಸಿದ್ದು, 1784ರಲ್ಲಿ ಮಂಗಳೂರಿನ ಕ್ರೈಸ್ತರನ್ನ ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದ್ದು, ಇವೆಲ್ಲ ಆ ಸೀರಿಯಲ್‌ನಲ್ಲಿ ಬಾಯಿಮಾತಿಗೂ ಸರಿಯಾಗಿ ಬರಲ್ಲ. ಮೇಲುಕೋಟೆಯ ಮಂಡ್ಯಂ ಅಯ್ಯಂಗಾರ್ ಮನೆಗಳಲ್ಲಿ ಇವತ್ತಿಗೂ ನರಕಚತುರ್ದಶಿ ಮಾಡಲ್ಲ, ಆ ದಿನವೇ ಟಿಪ್ಪು ತಮ್ಮ ಹಿರಿಯರನ್ನ ಕೊಲ್ಲಿಸಿದ ಅಂತ ಅವರ ನೆನಪು. ಇನ್ನೊಂದು ಕಡೆ ನೋಡಿದ್ರೆ, 1791ರಲ್ಲಿ ಮರಾಠ ದಂಡು ಶೃಂಗೇರಿ ಮಠ ಲೂಟಿ ಮಾಡಿದಾಗ ಇದೇ ಟಿಪ್ಪು ಸ್ವಾಮಿಗಳಿಗೆ ಕನ್ನಡದಲ್ಲಿ ಕಾಗದ ಬರೆಸಿ, ಶಾರದೆಯ ಪುನರ್ ಪ್ರತಿಷ್ಠೆಗೆ ದುಡ್ಡು ಕಳಿಸಿದ. 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರಿಗೆ ಮಠದಲ್ಲಿ ಆ ಕಾಗದಗಳು ಸಿಕ್ಕಿದ್ವು. ಎರಡೂ ಒಬ್ಬನೇ ಮನುಷ್ಯ ಮಾಡಿದ್ದು. ಸೀರಿಯಲ್‌ಗೆ ಎರಡರಲ್ಲಿ ಒಂದು ಸಾಕು. ಇವತ್ತು ಯಾರಾದ್ರೂ ಹೊಸದಾಗಿ ತೆಗೆದ್ರೆ ಇನ್ನೊಂದನ್ನ ಮಾತ್ರ ತೋರಿಸ್ತಾರೋ ಏನೋ. ಎರಡನ್ನೂ ಒಟ್ಟಿಗೆ ತೋರಿಸೋ ಧೈರ್ಯ ಇರೋರು ಯಾರೂ ಕಾಣ್ತಿಲ್ಲ.

ಹಾಗಾದ್ರೆ ಯಾವುದೂ ನೋಡೋ ಹಾಗಿಲ್ವಾ ಅಂತ ಕೇಳ್ತೀಯ. ಇದೆ. ಶ್ಯಾಮ್ ಬೆನಗಲ್ ಮಾಡಿದ್ದು, 1988ರ ಭಾರತ್ ಏಕ್ ಖೋಜ್, 53 ಎಪಿಸೋಡು. ಅದರಲ್ಲೂ ಟಿಪ್ಪು ಬರ್ತಾನೆ, ಸಲೀಂ ಘೌಸ್ ಮಾಡಿದ್ದು. ಅದೇ ಸಲೀಂ ಘೌಸ್ ಅದೇ ಸೀರಿಯಲ್‌ನಲ್ಲಿ ರಾಮನೂ ಆಗಿದಾನೆ, ಕೃಷ್ಣನೂ ಆಗಿದಾನೆ. ಓಂ ಪುರಿ ಒಂದು ಕಡೆ ಅಶೋಕ, ಇನ್ನೊಂದು ಕಡೆ ಔರಂಗಜೇಬ. ಮೊದಮೊದಲು ವಿಚಿತ್ರ ಅನ್ಸುತ್ತೆ, ಅರೆ, ಇವನು ಹೋದ ಸಲ ಬೇರೆ ಯಾರೋ ಆಗಿದ್ದನಲ್ಲ ಅಂತ. ಆದ್ರೆ ಅದರ ಲಾಭ ನೋಡು: ಯಾವ ರಾಜನ ಮುಖಕ್ಕೂ ನಾವು ಆರತಿ ಎತ್ತಲ್ಲ. ಇದು ನಟ, ಇದು ಪಾತ್ರ, ಇದು ಯಾರೋ ಹೇಳ್ತಿರೋ ಕಥೆ ಅನ್ನೋದು ತಲೆಯಲ್ಲಿ ಇದ್ದೇ ಇರುತ್ತೆ. ಸೆಟ್ಟು ಬಡವಾಗಿದೆ, ಯುದ್ಧಕ್ಕೆ ಹತ್ತಿಪ್ಪತ್ತು ಜನ ಓಡಾಡ್ತಾರೆ ಅಷ್ಟೇ, ನಿಜ ಹೇಳ್ಬೇಕಂದ್ರೆ ಕೆಲವು ಎಪಿಸೋಡು ನಿದ್ದೆ ಬರಿಸುತ್ತೆ. ಆದ್ರೂ ನನಗೆ ಅದೇ ಮೇಲು.

ಈಗಿನವು ಕೇಳಲೇಬೇಡ. ವಾರಕ್ಕೊಂದು ಎಪಿಸೋಡು ಬರೋ ಕಾಲದಲ್ಲಿ ಬರೆಯೋರಿಗೆ ಒಂದಿಷ್ಟು ಉಸಿರಾಡೋಕೆ ಆಗ್ತಿತ್ತು. ಈಗ ದಿನಾ ಬೇಕು, ಟಿಆರ್‌ಪಿ ಬೇಕು. ಹಾಗಾಗಿ ಅರಮನೆ ಒಳಗೆ ಅತ್ತೆ ಸೊಸೆ ಜಗಳ, ಹಾಲಿನ ಲೋಟದಲ್ಲಿ ವಿಷ, ಒಂದು ಬಾಣ ಬಿಟ್ರೆ ತಾಗೋಕೆ ಶುಕ್ರವಾರ ಆಗಬೇಕು. ನೀನು ನೋಡೋ ಟರ್ಕಿಯವರ ಎರ್ತುಗ್ರುಲ್ ತಗೋ, ಆ ಮನುಷ್ಯನ ಬಗ್ಗೆ ಅವನ ಕಾಲದ ದಾಖಲೆ ಅಂತ ಹೇಳ್ಕೊಳ್ಳೋ ಹಾಗೆ ಏನೂ ಇಲ್ಲ, ಸೀರಿಯಲ್ ಮಾತ್ರ ಐದು ಸೀಸನ್. ದಾಖಲೆ ಕಮ್ಮಿ ಇದ್ದಷ್ಟೂ ಅವರಿಗೆ ಅನುಕೂಲ, ಕುದುರೆ ಓಡಿಸಬಹುದು.

ನಗಬೇಡ, ನಾನೂ ನೋಡ್ತೀನಿ. ಚೆನ್ನಾಗಿರೋದನ್ನ ಚೆನ್ನಾಗಿದೆ ಅಂತಲೇ ಹೇಳ್ತೀನಿ. ಆಮೇಲೆ, ಇದು ಟೀವಿಯವರು ಮೊದಲು ಕಂಡುಹಿಡಿದ ಆಟವೂ ಅಲ್ಲ. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆ ಗೋಡೆ ಮೇಲೆ 1780ರ ಪೊಳ್ಳಿಲೂರು ಯುದ್ಧ ಇದೆಯಲ್ಲ, ಟಿಪ್ಪುನೇ ಬರೆಸಿದ್ದು, ಅದು ಆ ಕಾಲದ ಸೀರಿಯಲ್ಲೇ ಅನ್ನು. ಮದ್ದಿನ ಬಂಡಿ ಸಿಡೀತಿದೆ, ಇಂಗ್ಲಿಷ್ ಕರ್ನಲ್ ಬೇಯ್ಲಿ ಪಲ್ಲಕ್ಕಿಯಲ್ಲಿ ಕಂಗಾಲಾಗಿ ಕೂತಿದಾನೆ, ಇತ್ತ ಹೈದರ್, ಟಿಪ್ಪು ಆನೆ ಮೇಲೆ ಒಂಚೂರೂ ಗಾಬರಿ ಇಲ್ಲದೆ ಬರ್ತಿದಾರೆ. ಆ ಚಿತ್ರ ಮಾಸಿ ಹೋಗಿದ್ದಾಗ ಗವರ್ನರ್ ಜನರಲ್ ಡಾಲ್‌ಹೌಸಿ ಕಾಲದಲ್ಲಿ ಇಂಗ್ಲಿಷರೇ ಮತ್ತೆ ಬರೆಸಿದ್ರು. ತಾವು ಸೋತ ಚಿತ್ರಾನ ತಾವೇ ದುಡ್ಡು ಕೊಟ್ಟು!

ರಜೆಗೆ ಬಂದಾಗ ಅಲ್ಲಿಗೆ ಹೋಗೋಣ, ಅತ್ತಿಗೆ ನೀವೂ ಬನ್ನಿ, ನಿಮ್ಮ ಕಡೆ ಕಥೆ ಪುಟ್ಟನಿಗೆ ನೀವೇ ಹೇಳಬೇಕು, ನಾನು ಹೇಳಿದ್ರೆ ಸರಿಹೋಗಲ್ಲ. ಪುಟ್ಟ, ಆ ಭಾರತ್ ಏಕ್ ಖೋಜ್ ಟಿಪ್ಪು ಎಪಿಸೋಡ್ ಲಿಂಕ್ ಹುಡುಕಿ ಗ್ರೂಪಿಗೆ ಹಾಕು, ನನಗೆ ಹುಡುಕೋಕೆ ಬರಲ್ಲ. ಚಿಕ್ಕಪ್ಪ, ಪೂರ್ತಿ ನೋಡಿದ ಮೇಲೇ ಬೈಯೋದು, ಆಯ್ತಾ? ಇಡ್ತೀನಿ, ಯಾರೋ ಬೆಲ್ ಮಾಡಿದ್ರು.