ಪದಚರ್ಚೆ: ‘ಫಸ್ಟ್ ಪರ್ಸನ್ ವ್ಯೂ’ಗೆ ಕನ್ನಡದಲ್ಲಿ ಏನನ್ನೋಣ? ‘ಪ್ರಥಮ ಪುರುಷ’ ಅಂದರೆ ಅರ್ಥವೇ ತಿರುಗುತ್ತದೆ

ಎಲ್ಲರಿಗೂ ನಮಸ್ಕಾರ.

ಒಂದು ಪದಕ್ಕಾಗಿ ಮೂರು ವಾರದಿಂದ ತಲೆ ಕೆಡಿಸಿಕೊಂಡಿದ್ದೇನೆ. ನಿಮ್ಮ ಸಹಾಯ ಬೇಕು.

ನಾನು ಕಲಬುರಗಿಯವನು. ಬಹಳ ವರ್ಷ ಟಿವಿ, ರೇಡಿಯೋ ರಿಪೇರಿ ಮಾಡಿದವನು. ಈಗ ರಿಪೇರಿಗೆ ಬರುವ ಟಿವಿ ಕಡಿಮೆ. ಸಂಜೆ ಹೊತ್ತು ನನ್ನ ಅಕ್ಕನ ಮಗ ಮತ್ತು ಅವನ ಗೆಳೆಯರು ಅದೇ ಹಳೇ ಮೇಜಿನ ಸುತ್ತ ಕೂತು ರಿಮೋಟ್ ಗಾಡಿ ಕಟ್ಟುತ್ತಾರೆ. ಸೋಲ್ಡರ್ ಮಾಡೋದು ನಾನು ಹೇಳಿಕೊಟ್ಟೆ, ಉಳಿದದ್ದು ಅವರೇ ಕಲಿತರು. ಗಾಡಿಯ ಮೂಗಿನ ಮೇಲೆ ಹೆಬ್ಬೆರಳಿನಷ್ಟು ಅಗಲದ ಕ್ಯಾಮೆರಾ ಇರುತ್ತದೆ. ಅದರ ಚಿತ್ರ ಗಾಳಿಯಲ್ಲಿ ಬಂದು ಹುಡುಗನ ಕಣ್ಣಿಗೆ ಕಟ್ಟಿದ ಗಾಗಲ್ಸ್ ಒಳಗೆ ಮೂಡುತ್ತದೆ. ಹುಡುಗ ಕುರ್ಚಿಯಲ್ಲಿ ಕೂತಿದ್ದರೂ ಗಾಡಿಯೊಳಗೆ ಕೂತವನ ಹಾಗೆ ಓಡಿಸುತ್ತಾನೆ. ಇದಕ್ಕೇ ಇಂಗ್ಲಿಷಿನಲ್ಲಿ ಫಸ್ಟ್ ಪರ್ಸನ್ ವ್ಯೂ, ಚಿಕ್ಕದಾಗಿ ಎಫ್‌ಪಿವಿ ಅನ್ನುತ್ತಾರೆ.

ಈ ಮಕ್ಕಳಿಗಾಗಿ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಇಪ್ಪತ್ತು ಪುಟದ್ದು, ಜೆರಾಕ್ಸ್ ಮಾಡಿ ಹಂಚುವಂಥದ್ದು. ಎಲ್ಲರೂ ಎಂಟನೇ, ಒಂಬತ್ತನೇ ಕ್ಲಾಸಿನವರು, ಕನ್ನಡ ಶಾಲೆಯವರು. ಮೋಟರ್, ಬ್ಯಾಟರಿ, ಸರ್ವೋ, ರಿಸೀವರ್ ಎಲ್ಲವನ್ನೂ ಹಾಗೇ ಬಿಟ್ಟಿದ್ದೇನೆ. ಅಂಗಡಿಯಲ್ಲಿ ಕೇಳುವಾಗ ಆ ಹೆಸರೇ ಬೇಕಲ್ವಾ. ನಾನು ಸಿಕ್ಕಿಬಿದ್ದದ್ದು ಮೊದಲ ಪುಟದ ತಲೆಬರಹದಲ್ಲಿ.

ಮೊದಲು ಹೊಳೆದದ್ದು ‘ಪ್ರಥಮ ಪುರುಷ ನೋಟ’. ಬರೆದೂ ಬಿಟ್ಟೆ. ರಾತ್ರಿ ಅಳಿಯನ ವ್ಯಾಕರಣದ ಪುಸ್ತಕ ತಿರುವಿ ಹಾಕುವಾಗ ತಪ್ಪು ಕಣ್ಣಿಗೆ ಬಿತ್ತು. ನಮ್ಮ ವ್ಯಾಕರಣದಲ್ಲಿ ಪ್ರಥಮ ಪುರುಷ ಅಂದರೆ ಅವನು, ಅವಳು, ಅದು. ನಾನು, ನಾವು ಅನ್ನೋದು ಉತ್ತಮ ಪುರುಷ. ಇಂಗ್ಲಿಷಿನವರ ಎಣಿಕೆ ‘ನಾನು’ ಇಂದ ಶುರುವಾಗುತ್ತದೆ, ನಮ್ಮದು ‘ಅವನು’ ಇಂದ. ಸಂಸ್ಕೃತ ಕಲಿತವರಿಗೆ ಇದು ಬಾಯಿಪಾಠ: ಪಠತಿ, ಪಠತಃ, ಪಠಂತಿ ಮೊದಲ ಸಾಲು, ಪಠಾಮಿ ಬರೋದು ಕೊನೆಯ ಸಾಲಿನಲ್ಲಿ. ಪಾಣಿನಿ ಇಟ್ಟ ಕ್ರಮವೇ ಪ್ರಥಮ, ಮಧ್ಯಮ, ಉತ್ತಮ. ಅಲ್ಲಿ ಉತ್ತಮ ಅಂದರೆ ಕೊನೆಯದು. ಕನ್ನಡ ವ್ಯಾಕರಣ ಆ ಹೆಸರುಗಳನ್ನೇ ತಂದುಕೊಂಡಿತು. ಹಾಗಾಗಿ ನಾನು ಬರೆದ ತಲೆಬರಹದ ಅರ್ಥ ‘ಹೊರಗೆ ನಿಂತು ಗಾಡಿಯನ್ನು ನೋಡುವ ನೋಟ’ ಅಂತ ಆಗಿತ್ತು. ಹೇಳಬೇಕಾದ್ದಕ್ಕೆ ಪೂರ್ತಿ ಉಲ್ಟಾ.

ಹಾಗಂತ ‘ಉತ್ತಮ ಪುರುಷ ನೋಟ’ ಅನ್ನೋಣವೇ? ಲೆಕ್ಕಕ್ಕೆ ಅದು ಸರಿ. ಆದರೆ ಪರೀಕ್ಷೆ ಮುಗಿದ ಮೇಲೆ ಆ ಅರ್ಥ ಯಾರ ನೆನಪಿನಲ್ಲೂ ಉಳಿಯಲ್ಲ. ಅಳಿಯನ ಗೆಳೆಯ ಒಬ್ಬನಿಗೆ ತೋರಿಸಿದೆ. ‘ಒಳ್ಳೆ ಮನುಷ್ಯಾ ನೋಡೋದು’ ಅಂತ ಓದಿಕೊಂಡ. ಅವನದು ತಪ್ಪಲ್ಲ.

ಹಾಗಾದರೆ ಓಡಿಸುವಾಗ ಇವರು ಏನನ್ನುತ್ತಾರೆ ಅಂತ ಕಿವಿಗೊಟ್ಟು ಕೇಳತೊಡಗಿದೆ. ಅಲ್ಲಿ ಸಿಕ್ಕಿದ್ದಕ್ಕೇ ಈ ಓಲೆ ಇಷ್ಟು ಉದ್ದವಾಗುತ್ತಿದೆ.

ನಮ್ಮ ಮನೆ ಹಿಂದೆ ಒಂದು ಖಾಲಿ ಪ್ಲಾಟ್ ಇದೆ. ಅದರ ತುದಿಗೆ ನೀರಿನ ಟಾಕಿ, ಪಕ್ಕದಲ್ಲಿ ಯಾರೋ ಮನೆ ಕಟ್ಟಿ ಉಳಿಸಿದ ಶಹಾಬಾದ್ ಫರಸಿ ಕಲ್ಲಿನ ರಾಶಿ. ಗಾಗಲ್ಸ್ ಇಲ್ಲದೆ, ಕಣ್ಣೆದುರೇ ಗಾಡಿ ಓಡಿಸುವಾಗ ಹುಡುಗರು ಹೇಳೋದು ಹೀಗೆ: ‘ಗಾಡಿ ಗ್ವಾಡಿಗಿ ಹಾಯ್ತು’ (ಅಂದರೆ ಗೋಡೆಗೆ ಗುದ್ದಿತು), ‘ಗಾಡಿ ಕಲ್ಲಾಗ ಸಿಕ್ಕೊಂಡದ’. ಗಾಗಲ್ಸ್ ಏರಿಸಿದ ಕೂಡಲೇ ಅದೇ ಹುಡುಗ, ‘ಮಾಮಾ, ನಾ ಗ್ವಾಡಿಗಿ ಹಾಯ್ದೆ’ ಅನ್ನುತ್ತಾನೆ. ಒಂದು ಸಂಜೆ ಅಳಿಯ ಸುಮ್ಮನಾಗಿಬಿಟ್ಟ. ‘ಎಲ್ಲಿದ್ದೀಯೋ?’ ಅಂದೆ. ‘ಟಾಕಿ ಹಿಂದ ಅದೀನಿ. ಕಲ್ಲಾಗ ಸಿಕ್ಕೊಂಡೀನಿ. ಬಂದು ಎತ್ರಿ ನನ್ನ’ ಅಂದ. ನನ್ನಿಂದ ಎರಡು ಮಾರು ದೂರದಲ್ಲಿ ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂತಿದ್ದ ಹುಡುಗ ಅದು! ಟಾಕಿ ಹಿಂದೆ ಹೋಗಿ ಗಾಡಿ ಎತ್ತಿದೆ. ಆ ಕಡೆಯಿಂದ ‘ಸಾವಕಾಶ್ರೀ ಮಾಮಾ’ ಅಂತ ಕೂಗಿದ. ತಿರುಗಿ ನೋಡಿದರೆ ಎರಡೂ ಕೈಯಿಂದ ಕುರ್ಚಿಯ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ.

ಇದನ್ನು ಯಾರೂ ಹೇಳಿಕೊಟ್ಟಿಲ್ಲ. ಕಣ್ಣು ಗಾಡಿಗೆ ಹೋದ ಕೂಡಲೇ ಕ್ರಿಯಾಪದದ ಬಾಲ ತಾನಾಗಿ ಬದಲಾಗುತ್ತದೆ. ದಖನಿ ಮಾತಾಡುವ ಗೆಳೆಯನೂ ಅಷ್ಟೇ. ಬರಿಗಣ್ಣಲ್ಲಿ ಓಡಿಸುವಾಗ ‘ಗಾಡಿ ಫಸ್ ಗಯೀ’ (ಗಾಡಿ ಸಿಕ್ಕಿಕೊಂಡಿತು) ಅಂದವನು ಗಾಗಲ್ಸ್ ಹಾಕಿಕೊಂಡಾಗ ‘ಮೈಂ ಫಸ್ ಗಯಾ’ ಅನ್ನುತ್ತಾನೆ. ಅವನ ಮಾತಿನಲ್ಲಿ ಹೆಣ್ಣಾಗಿದ್ದ ಗಾಡಿ ಗಂಡೂ ಆಯಿತು ನೋಡಿ.

ಇನ್ನೊಂದು ವಿಷಯ. ನಾವು ಬಳಸೋದು ಅನಲಾಗ್ ವಿಡಿಯೋ, 5.8 ಗಿಗಾಹರ್ಟ್ಸ್‌ನದು. ಹಳೇ ಟಿವಿ ಪ್ರಸಾರದ ಹಾಗೆ ಅದನ್ನು ಎಷ್ಟು ಜನ ಬೇಕಾದರೂ ನೋಡಬಹುದು, ಅದೇ ಚಾನೆಲ್‌ಗೆ ಇಟ್ಟರಾಯಿತು. ಅಳಿಯನ ತಂಗಿ ಪಕ್ಕದಲ್ಲಿ ಸಣ್ಣ ಸ್ಕ್ರೀನ್ ಹಿಡಿದು ಕೂರುತ್ತಾಳೆ. ಓಡಿಸೋದು ಅಣ್ಣ. ಆದರೂ ಗಾಡಿ ಮಗುಚಿದಾಗ ಅವಳು, ‘ನಾವ್ ಬಿದ್ದೀವಿ’ ಅನ್ನುತ್ತಾಳೆ. ಕೈಯಲ್ಲಿ ರಿಮೋಟ್ ಇರಬೇಕು ಅಂತಿಲ್ಲ, ನೋಟ ಹಂಚಿಕೊಂಡರೆ ಸಾಕು, ‘ನಾ’ ಹೋಗಿ ‘ನಾವ್’ ಆಗುತ್ತದೆ.

ಆದರೆ ಈ ‘ನಾನು’ ಎಲ್ಲದಕ್ಕೂ ಬರಲ್ಲ. ಇದು ಗಮನಕ್ಕೆ ಬರಲು ನನಗೆ ಬಹಳ ದಿನ ಬೇಕಾಯಿತು. ಬೀಳೋದು, ಹಾಯೋದು, ತಿರುಗೋದು, ಸಿಕ್ಕಿಕೊಳ್ಳೋದು, ಎಲ್ಲ ‘ನಾ’. ಮೋಟರ್ ಕಾದರೆ ‘ಮೋಟರ್ ಬಿಸಿ ಆಗ್ಯದ’, ‘ನಾ ಬಿಸಿ ಆಗೀನಿ’ ಅಂತ ಯಾರೂ ಅನ್ನಲ್ಲ. ಎರಡು ಸೆಲ್ಲಿನ ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ ತುಂಬಿದಾಗ 8.4 ವೋಲ್ಟ್ ಇರುತ್ತದೆ, ನಾವು 7ಕ್ಕೆ ನಿಲ್ಲಿಸುತ್ತೇವೆ. ಆ ಅಂಕಿ ಗಾಗಲ್ಸ್‌ನ ಮೂಲೆಯಲ್ಲೇ ಕಾಣುತ್ತಿರುತ್ತದೆ. ಆಗಲೂ ‘ಬ್ಯಾಟರಿ 7ಕ್ಕ ಬಂತು’ ಅಂತಾರೆಯೇ ಹೊರತು ತಮಗೆ ಸುಸ್ತಾಯಿತು ಅನ್ನಲ್ಲ. ಚಿತ್ರ ಹೋದಾಗ ಮಾತ್ರ ಮತ್ತೆ ‘ನಾನು’. 5.8ರ ಅಲೆ ಕಲ್ಲಿನ ಗೋಡೆಯ, ನೀರಿನ ಟಾಕಿಯ ಹಿಂದೆ ಬೇಗ ಸೋಲುತ್ತದೆ. ಗಾಡಿಗೆ ಅಪ್ಪಣೆ ಒಯ್ಯುವ 2.4 ಗಿಗಾಹರ್ಟ್ಸ್ ಅಲೆ ಇನ್ನೂ ಮುಟ್ಟುತ್ತಿರುತ್ತದೆ. ಅಂದರೆ ಗಾಡಿ ಮಾತು ಕೇಳುತ್ತಿದೆ, ಚಿತ್ರ ಮಾತ್ರ ಬರೀ ಚುಕ್ಕಿ. ಆಗ ಹುಡುಗ ಹೇಳೋದು, ‘ಮಾಮಾ, ನನ್ ಕಣ್ ಹೋದ್ವು’. ಮಾಳಿಗೆ ಹತ್ತಿ ಆ್ಯಂಟೆನಾ ತಿರುಗಿಸುತ್ತ ‘ಬಂತಾ?’ ಅಂತ ಕೂಗುತ್ತಿದ್ದ ನನ್ನ ಕಾಲದಲ್ಲಿ ಹೋಗುತ್ತಿದ್ದದ್ದು ಟಿವಿಯ ಚಿತ್ರ. ಇವರದು ಕಣ್ಣೇ ಹೋಗುತ್ತದೆ.

ಇಲ್ಲಿಂದಲೇ ನನಗೆ ಒಂದು ಪದ ಸಿಕ್ಕಿತು: ‘ಗಾಡಿಗಣ್ಣು’. ಮಳೆ, ಕಾಲ ಸೇರಿ ಮಳೆಗಾಲ ಆದ ಹಾಗೆ ಗಾಡಿ, ಕಣ್ಣು ಸೇರಿ ಗಾಡಿಗಣ್ಣು. ‘ಒಳನೋಟ’ ಮೊದಲೇ ಬೇರೆ ಕೆಲಸಕ್ಕೆ ಹೋಗಿದೆ, ‘ಒಳಗಣ್ಣು’ ಕೂಡ. ಒಬ್ಬ ಮೇಷ್ಟ್ರು ‘ಪರಕಾಯ ಪ್ರವೇಶ’ ಅಂದರು. ಅರ್ಥಕ್ಕೆ ಅದಕ್ಕಿಂತ ಹತ್ತಿರದ್ದು ಇಲ್ಲ, ಆದರೆ ಕೈಪಿಡಿಯಲ್ಲಿ ಪುಟಕ್ಕೆ ಆರು ಸಲ ಬರೆಯುವ ಪದ ಅಷ್ಟು ಭಾರ ಇರಬಾರದು. ನಮ್ಮ ಕಡೆ ಗಾಡಿ ಅಂದರೆ ಎತ್ತಿನ ಗಾಡಿಯೂ ಹೌದು, ಬೈಕೂ ಹೌದು, ವಾಡಿ ಜಂಕ್ಷನ್‌ನಲ್ಲಿ ರೈಲೂ ಹೌದು. ಮಕ್ಕಳ ಬಾಯಲ್ಲಿ ಸಲೀಸಾಗಿ ನಿಲ್ಲುತ್ತದೆ ಅಂದುಕೊಂಡೆ.

ನಿಂತಿತು, ಆದರೆ ಬೇರೆ ಕಡೆ. ಎರಡೇ ದಿನದಲ್ಲಿ ಅಳಿಯ ತಂಗಿಗೆ ‘ಗಾಡಿಗಣ್ಣ ಕೊಡ ಇಲ್ಲಿ’ ಅಂದ. ಕೈಚಾಚಿದ್ದು ಗಾಗಲ್ಸ್‌ಗೆ. ನೋಟಕ್ಕೆ ಅಂತ ನಾನು ಕೊಟ್ಟ ಪದವನ್ನು ಅವರು ಕೈಗೆ ಸಿಗುವ ವಸ್ತುವಿಗೆ ಅಂಟಿಸಿಬಿಟ್ಟರು. ಅಲ್ಲಿಯವರೆಗೆ ಗಾಗಲ್ಸ್‌ಗೆ ಅವರು ‘ಚಷ್ಮಾ’ ಅನ್ನುತ್ತಿದ್ದರು, ನಮ್ಮೂರಿನಲ್ಲಿ ಕನ್ನಡಕಕ್ಕೆ ಅದೇ ಮಾತು. ಫಾರಸಿಯಲ್ಲಿ ಚಶ್ಮ್ ಅಂದರೆ ಕಣ್ಣು, ಚಷ್ಮಾ ಬಂದದ್ದು ಅಲ್ಲಿಂದ. ಅಂದರೆ ಕಣ್ಣು ಅನ್ನೋದು ಆ ವಸ್ತುವಿನ ಹೆಸರಿನಲ್ಲಿ ಮೊದಲೇ ಕೂತಿತ್ತು. ಗಾಗಲ್ಸ್‌ಗೆ ಚಷ್ಮಾ ಉಳಿಸಿ, ನೋಟಕ್ಕೆ ಗಾಡಿಗಣ್ಣು ಇಟ್ಟರೆ ನಿಲ್ಲುತ್ತದೆಯೇ? ಇದು ನನ್ನ ಮೊದಲ ಪ್ರಶ್ನೆ.

ಇನ್ನೊಂದು ದಾರಿ ‘ಸವಾರ’. ಸವಾರನ ನೋಟ, ಸವಾರನೋಟ. ಪತ್ರಿಕೆಗಳಲ್ಲಿ ದಿನಾ ಬರುವ ‘ಬೈಕ್ ಸವಾರ’ ಎಲ್ಲರಿಗೂ ಗೊತ್ತು. ನಮ್ಮೂರಲ್ಲಿ ಒಂದೇ ತೊಡಕು: ಆಟೋದವರು ‘ಸವಾರಿ’ ಅನ್ನೋದು ಹಿಂದೆ ಕೂತ ಗಿರಾಕಿಗೆ. ‘ಎರಡು ಸವಾರಿ ಅದಾವ’ ಅಂದರೆ ಇಬ್ಬರು ಕೂತಿದ್ದಾರೆ ಅಂತ. ಆದರೆ ಯೋಚಿಸಿದರೆ ಇದು ತೊಡಕೇ ಅಲ್ಲವೇನೋ. ಅಣ್ಣ ಸವಾರ, ಸ್ಕ್ರೀನ್ ಹಿಡಿದ ತಂಗಿ ಸವಾರಿ. ಓಡಿಸುವವನನ್ನು, ಜೊತೆಗೆ ನೋಡುವವಳನ್ನು ಬೇರೆ ಮಾಡಿ ಹೇಳಲು ಇಂಗ್ಲಿಷಿನ ಎಫ್‌ಪಿವಿಯಲ್ಲಿ ಜಾಗ ಇಲ್ಲ. ನಮಗೆ ಒಂದೇ ಬೇರಿನ ಎರಡು ಪದ ಸಿಗುತ್ತದೆ.

‘ಹಾಯು’ ಬಗ್ಗೆಯೂ ಕೇಳಬೇಕು. ನಮ್ಮಲ್ಲಿ ಎತ್ತು ಹಾಯುತ್ತದೆ, ಲಾರಿಯೂ ಹಾಯುತ್ತದೆ. ‘ಲಾರಿ ಹಾಯ್ದು ಸಾವು’ ಅಂತ ಪತ್ರಿಕೆಯಲ್ಲೂ ಓದುತ್ತೇವೆ. ಮೈಸೂರು, ಮಂಗಳೂರು ಕಡೆಯ ಮಕ್ಕಳಿಗೆ ‘ಗೋಡೆಗೆ ಹಾಯ್ದರೆ’ ಅಂತ ಬರೆದರೆ ಥಟ್ಟನೆ ಅರ್ಥವಾಗುತ್ತದೆಯೇ, ಅಥವಾ ‘ಗುದ್ದಿದರೆ’ ಅಂತಲೇ ಬರೆಯಬೇಕೇ? ಓಡಿಸೋದಕ್ಕೂ ಇದೇ ಪಾಡು. ನಮ್ಮಲ್ಲಿ ಗಾಡಿ ‘ಹೊಡಿ’ತಾರೆ. ಎತ್ತಿನ ಗಾಡಿಯಿಂದ ಬಂದ ಮಾತು ಅದು. ಚಷ್ಮಾ ಇಲ್ಲದಾಗ ‘ಗಾಡಿ ಬಿಡು’ ಅಂತಾರೆ, ಪತಂಗ ಬಿಟ್ಟ ಹಾಗೆ. ಹಾಕಿಕೊಂಡಾಗ ‘ಗಾಡಿ ಹೊಡಿ’. ಈ ವ್ಯತ್ಯಾಸ ನನಗೆ ಬಹಳ ಇಷ್ಟವಾಯಿತು, ಕೈಪಿಡಿಯಲ್ಲಿ ಉಳಿಸಬೇಕು ಅಂತಿದ್ದೇನೆ. ಪಿಸ್ತೂಲಿನ ಆಕಾರದ ರಿಮೋಟ್‌ನ ಟ್ರಿಗರ್‌ಗೆ ಮಾತ್ರ ಬಂದೂಕಿನ ‘ಕುದುರೆ’ಯನ್ನೇ ತಂದಿದ್ದೇನೆ, ಅದಕ್ಕೆ ಯಾರ ತಕರಾರೂ ಬಂದಿಲ್ಲ.

ಲೇಟೆನ್ಸಿಗೆ, ಅಂದರೆ ಚಿತ್ರ ತಡವಾಗಿ ಬರೋದಕ್ಕೆ, ಪದ ಹುಡುಕುವ ಕೆಲಸ ತಪ್ಪಿತು. ಅದು ಸಿಕ್ಕಿದ್ದು ಒಂದು ನಷ್ಟದಿಂದ. ಮೊದಲ ಗಾಡಿಗೆ ಅಗ್ಗದ ವೈಫೈ ಕ್ಯಾಮೆರಾ ತಂದಿದ್ದೆವು. ಕೊಟ್ಟವರು ಚಿತ್ರ ಕೂಡಲೇ ಬರುತ್ತದೆ ಅಂದಿದ್ದರು. ಬರುತ್ತಿದ್ದದ್ದು ಸುಮಾರು ಕಾಲು ಸೆಕೆಂಡ್ ತಡವಾಗಿ. ಗಂಟೆಗೆ 18 ಕಿಲೋಮೀಟರ್ ವೇಗ ಅಂದರೆ ಸೆಕೆಂಡಿಗೆ 5 ಮೀಟರ್. ಕಾಲು ಸೆಕೆಂಡಿನಲ್ಲಿ ಗಾಡಿ ಎರಡೂವರೆ ಮೊಳಕ್ಕಿಂತ ಜಾಸ್ತಿ ಮುಂದೆ ಹೋಗಿರುತ್ತದೆ. ಫರಸಿ ಕಲ್ಲು ಇನ್ನೂ ದೂರ ಇದೆ ಅಂತ ಕಾಣುವಾಗಲೇ ಗಾಡಿ ಅದಕ್ಕೆ ಹಾಯ್ದಿತ್ತು. ಮುಂದಿನ ಆ್ಯಕ್ಸಲ್ ಮುರಿಯಿತು. ಆಗ ಅಳಿಯ ಅಂದದ್ದು, ‘ಚಿತ್ರ ಹಿಂದ ಬರ್ತದ ಮಾಮಾ, ನಾ ಮುಂದ ಹೋಗಿರ್ತೀನಿ’. ಅವತ್ತಿನಿಂದ ನಾವು ಅದಕ್ಕೆ ‘ಹಿಂದಬರಕಿ’ ಅನ್ನುತ್ತೇವೆ. ಅನಲಾಗ್‌ನಲ್ಲಿ ಈ ಹಿಂದಬರಕಿ ಸೆಕೆಂಡಿನ ನೂರರಲ್ಲಿ ಮೂರ್ನಾಲ್ಕು ಪಾಲು, ಅದೇ ವೇಗದಲ್ಲಿ ಒಂದು ಗೇಣಿಗಿಂತ ಕಡಿಮೆ. ಪದ ಸರಿಯಾಗಿ ಕಟ್ಟಿಲ್ಲ ಅಂತ ನಿಮಗೆ ಅನ್ನಿಸಬಹುದು. ತಿದ್ದಿದರೆ ಸಂತೋಷ. ಆದರೆ ಬರೀ ‘ತಡ’ ಅಂದರೆ ಯಾವುದು ತಡ ಅಂತ ತಿಳಿಯಲ್ಲ.

ಕೊನೆಗೆ ಒಂದು ವಾಕ್ಯದ ಸಮಸ್ಯೆ. ಹೋದ ರವಿವಾರ ಅಳಿಯ ಟಾಕಿ ಸುತ್ತಿ ಗಾಡಿಯನ್ನು ವಾಪಸ್ ತಂದ. ತನ್ನದೇ ಕುರ್ಚಿಯ ಮುಂದೆ, ಚಪ್ಪಲಿ ಮುಟ್ಟುವಷ್ಟು ಹತ್ತಿರ ನಿಲ್ಲಿಸಿದ. ಕ್ಯಾಮೆರಾ ಸ್ವಲ್ಪ ಮೇಲ್ಮುಖವಾಗಿತ್ತು. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ, ‘ಮಾಮಾ, ಇಲ್ಲಿ ಕುಂತಾನಲ್ಲ, ಅಂವ ನಾ’ ಅಂದ.

‘ಮತ್ತ ನೀ ಎಲ್ಲಿದ್ದಿ?’ ಅಂದೆ.

‘ಅವನ ಕಾಲ ಹತ್ರ.’

ಕುರ್ಚಿಯಲ್ಲಿ ಕೂತ ಮೈಗೆ ‘ಕುಂತಾನ’, ‘ಅಂವ’. ನಮ್ಮ ವ್ಯಾಕರಣದ ಪ್ರಥಮ ಪುರುಷ. ನೆಲದ ಮೇಲಿನ ಗಾಡಿಗೆ ‘ನಾ’. ಕೈಪಿಡಿಯಲ್ಲಿ ಈ ಜಾಗಕ್ಕೆ ಬಂದಾಗ ‘ನಿಮಗೆ ನೀವೇ ಕಾಣುತ್ತೀರಿ’ ಅಂತ ಬರೆದಿದ್ದೇನೆ. ಕನ್ನಡ ಸರಿಯಾಗಿದೆ, ಆದರೆ ಹುಡುಗ ಹೇಳಿದ್ದು ಅದಲ್ಲ. ‘ನಿಮಗೆ ಅವನು ಕಾಣುತ್ತಾನೆ’ ಅಂತ ಬರೆದರೆ ಓದುವವರಿಗೆ ಯಾರವನು ಅಂತ ಗೊತ್ತಾಗಲ್ಲ. ಹಳಗನ್ನಡ ಬಲ್ಲವರು ಇಲ್ಲಿ ಇದ್ದೀರಿ. ‘ತಾನು’ ಇಂಥ ಕಡೆ ಕೆಲಸಕ್ಕೆ ಬರುತ್ತದೆಯೇ, ಒಂದು ವಾಕ್ಯ ಬರೆದು ತೋರಿಸುತ್ತೀರಾ?

ಉತ್ತರ ಬರೆಯುವಾಗ ನಿಮ್ಮ ಊರಿನಲ್ಲಿ ರಿಮೋಟ್ ಗಾಡಿ ‘ಬಿಡ್ತಾರೋ, ಓಡಿಸ್ತಾರೋ, ಹೊಡಿತಾರೋ’ ಅದನ್ನೂ ಸೇರಿಸಿ. ಮನೆಯಲ್ಲಿ ಮಕ್ಕಳಿದ್ದರೆ ಅವರನ್ನೇ ಕೇಳಿ. ತಲೆಬರಹದ ಜಾಗ ಇನ್ನೂ ಖಾಲಿ ಬಿಟ್ಟಿದ್ದೇನೆ.