ಪೆಟ್ ಶಾಪ್‌ನಿಂದ ನಾಯಿಮರಿ ತರಬಹುದಾ? ಮೈಸೂರಿನವರು ಹೇಳಿ

ಬೋಗಾದಿಯ ಅಪ್ಪ:

ನಮಸ್ಕಾರ. ಮಗಳಿಗೆ 10 ವರ್ಷ. ನಾಯಿಮರಿ ಬೇಕು ಅಂತ ಎರಡು ವರ್ಷದಿಂದ ಕೇಳುತ್ತಿದ್ದಾಳೆ. ಮೊನ್ನೆ ಸಂಜೆ ಪೇಟೆಗೆ ಹೋದಾಗ ಒಂದು ಪೆಟ್ ಶಾಪ್‌ನಲ್ಲಿ ಲ್ಯಾಬ್ರಡಾರ್ ಮರಿ ನೋಡಿದೆವು. ಅವಳು ಗಾಜಿನ ಮೇಲೆ ಕೈ ಇಟ್ಟಳು, ಮರಿ ಬಂದು ಅಲ್ಲೇ ಮೂಗು ಒತ್ತಿತು. ಅವಳನ್ನು ಅಲ್ಲಿಂದ ಕರೆದುಕೊಂಡು ಬರುವಷ್ಟರಲ್ಲಿ ಸಾಕಾಯಿತು.

12,000 ಹೇಳಿದರು. 45 ದಿನದ ಮರಿ, ಒಂದು ಇಂಜೆಕ್ಷನ್ ಆಗಿದೆ, ಕಾರ್ಡ್ ಕೊಡುತ್ತೇವೆ ಅಂದರು. 2,000 ಮುಂಗಡ ಕೊಟ್ಟರೆ ಭಾನುವಾರದವರೆಗೆ ಇಟ್ಟಿರುತ್ತಾರಂತೆ. ಕೆಸಿಐ (ಕೆನೆಲ್ ಕ್ಲಬ್ ಆಫ್ ಇಂಡಿಯಾ) ಪೇಪರ್, ಅಂದರೆ ತಳಿಯ ನೋಂದಣಿ ಪತ್ರ ಬೇಕಿದ್ದರೆ 3,000 ಜಾಸ್ತಿ. ಹೆಂಡತಿ ಅಂಗಡಿ ಮರಿ ಬೇಡ ಅನ್ನುತ್ತಾಳೆ. ಯಾಕೆ ಅಂದರೆ ಅವಳಿಗೂ ಸರಿಯಾಗಿ ಗೊತ್ತಿಲ್ಲ. ನಾವಿಬ್ಬರೂ ನಾಯಿ ಸಾಕಿದವರಲ್ಲ. ತಂದವರು ಯಾರಾದರೂ ಇದ್ದೀರಾ?

ಕೆಂಪಿ ಮನೆಯವಳು, ಕುವೆಂಪುನಗರ:

ದಯವಿಟ್ಟು ಮುಂಗಡ ಕೊಡಬೇಡಿ. ಮೊದಲು ಇದನ್ನು ಓದಿ.

2019ರ ದಸರಾ ರಜೆಯಲ್ಲಿ ನಾವೂ ಹೀಗೇ ಒಂದು ಮರಿ ತಂದೆವು. ಮಗ ಚಿನ್ನು ಅಂತ ಹೆಸರಿಟ್ಟ. ಮೂರು ದಿನ ಚೆನ್ನಾಗಿತ್ತು. ಸ್ವಲ್ಪ ಜಾಸ್ತಿ ಮಲಗುತ್ತಿತ್ತು, ಮರಿ ಅಲ್ವಾ, ಮಲಗಲಿ ಅಂದುಕೊಂಡೆವು. ನಾಲ್ಕನೇ ದಿನ ಬೆಳಿಗ್ಗೆ ಬಟ್ಟಲು ಮುಟ್ಟಲಿಲ್ಲ. ಮಧ್ಯಾಹ್ನ ಬಿಳಿ ನೊರೆ ವಾಂತಿ. ರಾತ್ರಿ ರಕ್ತ ಬೆರೆತ ಭೇದಿ. ಆ ವಾಸನೆ ಇವತ್ತಿಗೂ ನನಗೆ ನೆನಪಿದೆ.

ಡಾಕ್ಟರು ಒಂದು ಪುಟ್ಟ ಕಿಟ್‌ನಲ್ಲಿ ಪರೀಕ್ಷೆ ಮಾಡಿದರು. ಎರಡು ಗೆರೆ ಬಂತು. ಪಾರ್ವೊ, ಮರಿಗಳ ಕರುಳು ಹಾಳುಮಾಡುವ ವೈರಸ್ ಕಾಯಿಲೆ. ಆಮೇಲೆ ಮರಿಯ ಬಾಯಿ ಬಿಡಿಸಿ ನನಗೆ ತೋರಿಸಿದರು. ಮುಂದಿನ ಹಲ್ಲು ಅಕ್ಕಿಕಾಳಿನ ಹಾಗೆ ಬಂದಿದ್ದವು, ಹಿಂದೆ ಒಸಡು ಇನ್ನೂ ಬರೀ ನುಣುಪು. "ಇದಕ್ಕೆ ಎರಡು ತಿಂಗಳು ಅಂದರಾ? ಒಂದು ತಿಂಗಳು ದಾಟಿದ್ದರೆ ಹೆಚ್ಚು" ಅಂದರು. ಡ್ರಿಪ್ ಹಾಕಲು ಮುಂಗಾಲಿನಲ್ಲಿ ಎರಡು ರೂಪಾಯಿ ನಾಣ್ಯದಷ್ಟು ಜಾಗದ ಕೂದಲು ಬೋಳಿಸಿದ್ದರು. ನರವೇ ಸಿಗುತ್ತಿರಲಿಲ್ಲ. ಮೂರು ದಿನ ಬೆಳಿಗ್ಗೆ ಸಂಜೆ ಆಟೋದಲ್ಲಿ ತೊಡೆ ಮೇಲೆ ಇಟ್ಟುಕೊಂಡು ಹೋಗಿಬಂದೆ. ಮೂರನೇ ದಿನ ವಾಪಸ್ ಬರುವ ದಾರಿಯಲ್ಲೇ ಹೋಯಿತು. ಮಗ ಎರಡು ದಿನ ಊಟ ಮಾಡಲಿಲ್ಲ.

ಅಂಗಡಿಯವರಿಗೆ ಫೋನ್ ಮಾಡಿದರೆ "ನಮ್ಮಲ್ಲಿದ್ದಾಗ ಚೆನ್ನಾಗೇ ಇತ್ತಲ್ಲ, ನೀವೇ ಏನೋ ತಿನ್ನಿಸಿರಬೇಕು" ಅಂದರು. ಅದು ಸುಳ್ಳು. ಪಾರ್ವೊ ವೈರಸ್ ಮೈಗೆ ಸೇರಿದ ಮೇಲೆ ಕಾಯಿಲೆ ಕಾಣಿಸಿಕೊಳ್ಳಲು ಸಾಮಾನ್ಯವಾಗಿ 3ರಿಂದ 7 ದಿನ ಬೇಕು. ನಮ್ಮ ಮರಿ ಅಲ್ಲಿಂದಲೇ ಹೊತ್ತು ತಂದಿತ್ತು ಅಂತ ಡಾಕ್ಟರೂ ಹೇಳಿದರು. ಆಮೇಲೆ ಅಂಗಡಿಯವರು ಬೇರೆ ಮರಿ ಕೊಡುತ್ತೇವೆ ಬನ್ನಿ ಅಂದರು. ಎಲ್ಲಿಗೆ ತರುವುದು? ಆ ವೈರಸ್ ನೆಲದಲ್ಲಿ, ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಫಿನಾಯಿಲ್‌ಗೆಲ್ಲ ಜಗ್ಗುವುದಿಲ್ಲ. ಬ್ಲೀಚ್ ನೀರಿನಲ್ಲಿ ಮನೆಯೆಲ್ಲ ಒರೆಸಿದೆ, ಹಾಸಿಗೆ ಸುಟ್ಟೆ. ಅಂಗಳದ ಮಣ್ಣಿಗೆ ಏನು ಮಾಡಲಿ?

ಈಗ ನಿಮ್ಮ ಮರಿ ವಿಷಯ. 45 ದಿನ ಅಂತ ಅವರೇ ಬಾಯಿಬಿಟ್ಟು ಹೇಳಿದ್ದಾರೆ. 2018ರ ಪೆಟ್ ಶಾಪ್ ನಿಯಮಗಳ ಪ್ರಕಾರ 8 ವಾರ ತುಂಬದ ಮರಿಯನ್ನು ಮಾರುವ ಹಾಗೇ ಇಲ್ಲ. 8 ವಾರ ಅಂದರೆ 56 ದಿನ. ಅಂಗಡಿ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಆಗಿರಬೇಕು. ಆ ಪತ್ರ ತೋರಿಸಿ ಅಂತ ಕೇಳಿ ನೋಡಿ.

ಒಂದು ಇಂಜೆಕ್ಷನ್ ಆಗಿದೆ ಅನ್ನುವ ಮಾತಿಗೂ ಸಮಾಧಾನ ಪಡಬೇಡಿ. ತಾಯಿಯ ಮೊದಲ ಹಾಲಿನಿಂದ ಮರಿಗೆ ಸ್ವಲ್ಪ ಕಾಲ ರಕ್ಷಣೆ ಇರುತ್ತದೆ. ಅದು ಇರುವವರೆಗೆ ಲಸಿಕೆಯನ್ನು ಪೂರ್ತಿ ಕೆಲಸ ಮಾಡಲು ಬಿಡುವುದಿಲ್ಲ. ಅದು ಯಾವಾಗ ಇಳಿಯುತ್ತದೆ ಅನ್ನುವುದು ಒಂದೊಂದು ಮರಿಗೆ ಒಂದೊಂದು ಥರ. ಅದಕ್ಕೇ 6–8 ವಾರಕ್ಕೆ ಶುರು ಮಾಡಿ, 16 ವಾರ ಆಗುವವರೆಗೆ ಮತ್ತೆ ಮತ್ತೆ ಹಾಕಿಸುತ್ತಾರೆ. ಈ ನಡುವಿನ ದಿನಗಳೇ ಮರಿಗೆ ಅಪಾಯ. ಅಂಗಡಿಯಲ್ಲಿ ಬೇರೆ ಬೇರೆ ಕಡೆಯ ಮರಿಗಳ ಜೊತೆ ಒಂದೇ ಪಂಜರದಲ್ಲಿ ಇರುವುದೂ ಇದೇ ದಿನಗಳಲ್ಲಿ. ಒಂದಕ್ಕೆ ಬಂದರೆ ಎಲ್ಲಕ್ಕೂ ಬಂದ ಹಾಗೆ.

ಎಲ್ಲಕ್ಕಿಂತ ಮುಖ್ಯ, ತಾಯಿ ಎಲ್ಲಿದೆ ಅಂತ ಕೇಳಿ. ನಾನು ಅದೊಂದನ್ನೂ ಕೇಳಲಿಲ್ಲ. ಆ ತಾಯಿ ಯಾವ ಗೂಡಿನಲ್ಲಿದೆಯೋ, ಎಷ್ಟನೇ ಸಲ ಹೆರುತ್ತಿದೆಯೋ. ಚಿನ್ನು ನೆನಪಾದಾಗಲೆಲ್ಲ ನನಗೆ ಅದೂ ನೆನಪಾಗುತ್ತದೆ.

ವಿಜಯನಗರ 2ನೇ ಹಂತ:

ಎಲ್ಲರನ್ನೂ ಒಂದೇ ತಕ್ಕಡಿಗೆ ಹಾಕಬೇಡಿ ಮೇಡಂ. ನಮ್ಮ ಪಮೇರಿಯನ್ ಅಂಗಡಿಯಿಂದಲೇ ತಂದದ್ದು. 9 ವರ್ಷ ಆಯಿತು, ಗಟ್ಟಿಮುಟ್ಟಾಗಿದೆ. ಒಳ್ಳೆಯ ಅಂಗಡಿಯವರೂ ಇದ್ದಾರೆ.

ಕೆಂಪಿ ಮನೆಯವಳು, ಕುವೆಂಪುನಗರ:

ನಿಮ್ಮ ನಾಯಿ ಇನ್ನೂ ಬಹಳ ವರ್ಷ ಚೆನ್ನಾಗಿರಲಿ ಸಾರ್, ಮನಸ್ಸಿನಿಂದ ಹೇಳುತ್ತಿದ್ದೇನೆ. ಆದರೆ ಇವರು ನೋಡಿದ ಅಂಗಡಿ 45 ದಿನದ ಮರಿ ಮಾರುತ್ತಿದೆ. ನಾನು ಮಾತಾಡುತ್ತಿರುವುದು ಆ ಮರಿಯ ಬಗ್ಗೆ.

ಗುತ್ತಲು ರಸ್ತೆ, ಮಂಡ್ಯ:

ನಾನು ಮಂಡ್ಯದಲ್ಲಿ ಒಬ್ಬ ಪಶುವೈದ್ಯರ ಹತ್ತಿರ 14 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಮೇಡಂ ಹೇಳಿದ್ದು ಸರಿ. ಹಬ್ಬ, ಹುಟ್ಟುಹಬ್ಬ ಅಂತ ತಂದ ಮರಿಗಳು ಒಂದು ವಾರದೊಳಗೆ ನಮ್ಮ ಟೇಬಲ್ ಮೇಲೆ ಇರುತ್ತವೆ.

ಕಾರ್ಡ್ ಕೊಟ್ಟರೆ ಒಳಗೆ ನೋಡಿ. ನಿಜವಾಗಿ ಲಸಿಕೆ ಹಾಕಿದ್ದರೆ ಸೀಸೆಯ ಮೇಲಿನ ಚೀಟಿ ಕಿತ್ತು ಅಂಟಿಸಿರುತ್ತಾರೆ. ಅದರಲ್ಲಿ ಬ್ಯಾಚ್ ನಂಬರ್ ಇರುತ್ತದೆ, ಪಕ್ಕದಲ್ಲಿ ಡಾಕ್ಟರ ಸಹಿ, ನೋಂದಣಿ ನಂಬರ್. ಬರೀ ತಾರೀಖು ಬರೆದು ಅಂಗಡಿ ಸೀಲ್ ಒತ್ತಿದ್ದರೆ ಅದು ಲೆಕ್ಕಕ್ಕಿಲ್ಲ. ಹೊಟ್ಟೆ ಗುಡಾಣದ ಹಾಗಿದ್ದರೆ ಮರಿ ದುಂಡಗಿದೆ ಅಂತ ಖುಷಿಪಡಬೇಡಿ, ಜಂತುಹುಳ ಇರಬಹುದು. ಇನ್ನು 3,000 ಕೊಟ್ಟರೆ ಕೆಸಿಐ ಪೇಪರ್ ಅನ್ನುವುದು. ಆ ಪೇಪರ್ ತಾಯಿ ತಂದೆ ಇಬ್ಬರ ನೋಂದಣಿ ಇದ್ದರೆ, ಮರಿ ಹಾಕಿಸಿದವರು ಇಡೀ ಸೂಲನ್ನು ನೋಂದಾಯಿಸಿದರೆ ಬರುವುದು. ಕೌಂಟರ್‌ನಲ್ಲಿ ಬೇರೆ ದುಡ್ಡಿಗೆ ಮಾರುವಂಥದ್ದಲ್ಲ.

ಲ್ಯಾಬ್ರಡಾರೇ ಬೇಕು ಅಂದರೆ, ಕಲ್ಲಹಳ್ಳಿಯಲ್ಲಿ ನಮ್ಮ ಭಾವನ ಮನೆ ನಾಯಿ ಐದು ಮರಿ ಹಾಕಿದೆ. ಇವತ್ತಿಗೆ ಆರು ವಾರ. ದುಡ್ಡಿಗಲ್ಲ, ಚೆನ್ನಾಗಿ ನೋಡಿಕೊಳ್ಳುವವರಿಗೆ ಕೊಡುತ್ತಾರೆ. ಎಂಟು ವಾರ ಆಗುವ ಮುಂಚೆ ಮಾತ್ರ ಕೊಡುವುದಿಲ್ಲ.

ಬೋಗಾದಿಯ ಅಪ್ಪ:

ಎಲ್ಲರಿಗೂ ಧನ್ಯವಾದ. ಇವತ್ತು ಒಬ್ಬನೇ ಅಂಗಡಿಗೆ ಹೋಗಿ ತಾಯಿ ಎಲ್ಲಿದೆ ಅಂತ ಕೇಳಿದೆ. "ಅದೆಲ್ಲ ಬೆಂಗಳೂರಿಂದ ಬರುತ್ತೆ ಸಾರ್" ಅಂದರು. ನೋಂದಣಿ ಪತ್ರ ಕೇಳಿದೆ. ಓನರ್ ಇಲ್ಲ, ನಾಳೆ ಬನ್ನಿ ಅಂದರು. ಗಾಜಿನ ಹಿಂದೆ ಆ ಮರಿ ಮಲಗಿತ್ತು, ನಾನು ತಟ್ಟಿದರೂ ತಲೆ ಎತ್ತಲಿಲ್ಲ. ಅದನ್ನು ಹಾಗೇ ಬಿಟ್ಟು ಬರಲು ಹೊಟ್ಟೆ ಉರಿಯಿತು. ಒಂದು ಕ್ಷಣ ಅದನ್ನು ಉಳಿಸಲಾದರೂ ತಂದುಬಿಡೋಣ ಅನ್ನಿಸಿತು.

ಕೆಂಪಿ ಮನೆಯವಳು, ಕುವೆಂಪುನಗರ:

ಹಾಗೆ ಅನ್ನಿಸುವುದು ಸಹಜ. ಆದರೆ ನೀವು ತಂದರೆ ಅದೇ ಪಂಜರಕ್ಕೆ ನಾಳೆ ಇನ್ನೊಂದು ಮರಿ ಬರುತ್ತದೆ. ಮರಿ ಏಳುತ್ತಿಲ್ಲ ಅಂದರೆ ಇವತ್ತೇ ಪಶುಪಾಲನಾ ಇಲಾಖೆಗೆ ಹೇಳಿ. ಫೋಟೊ ಇದ್ದರೆ ಕಳಿಸಿ, ನಾನೂ ನಿಮ್ಮ ಜೊತೆ ಸಹಿ ಹಾಕುತ್ತೇನೆ.

ನಾವು ಒಂದೂವರೆ ವರ್ಷ ಕಾದು, ಬೀದಿಯಲ್ಲಿ ಬೆಳೆದ ಕೆಂಪಿಯನ್ನು ಒಳಗೆ ಕರೆದುಕೊಂಡೆವು. ಮೊದಲು ಲಸಿಕೆ ಎಲ್ಲ ಹಾಕಿಸಿದೆವು. ಈಗ ಮಗ ಓದುವಾಗ ಅವನ ಕಾಲ ಮೇಲೇ ತಲೆ ಇಟ್ಟು ಮಲಗುತ್ತಾಳೆ.

ಬೋಗಾದಿಯ ಅಪ್ಪ:

ಇಲಾಖೆಗೆ ಹೇಳಿದ್ದೇನೆ, ಫೋಟೊನೂ ಕೊಟ್ಟೆ. ಭಾನುವಾರ ಮಗಳನ್ನು ಕರೆದುಕೊಂಡು ಮಂಡ್ಯಕ್ಕೆ ಹೋಗುತ್ತೇವೆ. ಸುಮ್ನೆ ನೋಡಿ ಬರುವುದು, ಇನ್ನೂ ಎರಡು ವಾರ ಕಾಯಬೇಕು ಅಂತ ಅವಳಿಗೆ ಹೇಳಿದೆ. ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಂಡಿದ್ದಾಳೆ.

ಗುತ್ತಲು ರಸ್ತೆ, ಮಂಡ್ಯ:

ಬನ್ನಿ ಸಾರ್. ಆ ಅಂಗಡಿಗೆ ಹಾಕಿಕೊಂಡು ಹೋಗಿದ್ದ ಚಪ್ಪಲಿ, ಬಟ್ಟೆ ಮಾತ್ರ ಬೇಡ. ಬರುವಾಗ ಒಂದು ಹಳೇ ಕಾಟನ್ ಸೀರೆ ತುಂಡು ತನ್ನಿ. ತಾಯಿ ಮಲಗುವ ಕಡೆ ಹಾಸಿರುತ್ತೇವೆ. ಎರಡು ವಾರ ಆದ ಮೇಲೆ ಮರಿ ಜೊತೆ ಅದನ್ನೂ ತೆಗೆದುಕೊಂಡು ಹೋಗಿ, ಮೊದಲ ರಾತ್ರಿ ಜಾಸ್ತಿ ಅಳುವುದಿಲ್ಲ.